ಹೆಸರು ಹೇಳಿ ತೆಗೆದಿಟ್ಟ ಅಕ್ಕಿ

ಪ್ರೀತಿಯ ಅತ್ತೆಗೆ,

ನನ್ನನ್ನು ಮಿಜೋರಾಮಿಗೆ ಕರೆತರಲು ಚರ್ಚಿನ ಸಭೆಯವರನ್ನು ಕಳಿಸುವುದಾಗಿ ಬರೆದಿದ್ದೀರಿ. ಸದ್ಯಕ್ಕೆ ಬೇಡ. ನಿಮ್ಮ ಮಗನನ್ನು ಮಣ್ಣು ಮಾಡಿದ ಜಾಗಕ್ಕೆ ಇನ್ನೂ ಬೇಲಿಯಾಗಿಲ್ಲ, ಇಲ್ಲಿ ಹಂದಿಗಳ ಕಾಟ.

ಈ ಅರುಣಾಚಲದ ಹಳ್ಳಿಯಲ್ಲಿ ನಾವಿಬ್ಬರೂ ಯೇಸುವಿನ ವಿಷಯ ಹೇಳಿದ್ದೇ ಹೇಳಿದ್ದು, ಒಬ್ಬರೂ ನಂಬಲಿಲ್ಲ. ಪಕ್ಕದ ಮನೆಯ ಯಾಡಿ ಅಜ್ಜಿಯಂತೂ, "ನಿನ್ ದೇವ್ರಿಗೆ ಕಿವಿ ಕೇಳ್ಸಲ್ವೇನೇ, ಅಷ್ಟು ಜೋರಾಗಿ ಹಾಡ್ತೀಯ?" ಎಂದು ನಗುತ್ತಿದ್ದಳು. ಆದರೆ ನೀವು ಕಲಿಸಿದಂತೆ ನಾನು ಅಡುಗೆಗೆ ಮುಂಚೆ ಯೇಸುವಿನ ಹೆಸರು ಹೇಳಿ, ಸುವಾರ್ತೆಯ ಕೆಲಸಕ್ಕೆಂದು ಒಂದು ಹಿಡಿ ಅಕ್ಕಿ ತೆಗೆದಿಡುವುದನ್ನು ಮಾತ್ರ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

ಜ್ವರದಲ್ಲಿ ನಿಮ್ಮ ಮಗ ಹೋದ ಮೇಲೆ ನಾನು ಒಲೆ ಹಚ್ಚಿರಲಿಲ್ಲ. ಭಾನುವಾರ ಅಜ್ಜಿ ಬುಟ್ಟಿ ತುಂಬ ಅಕ್ಕಿ ತಂದು ಕುಕ್ಕಿದಳು.

"ಎಲ್ಲಾ ಮನೇದೂ ಇದೆ. ನಿನ್ ಥರಾನೇ ಹೆಸ್ರು ಹೇಳಿ ತೆಗೆದಿಟ್ವಿ. ಬೇಯಿಸ್ಕೊಂಡು ತಿನ್ನು, ಮೂಳೆ ಕಾಣ್ತಿದೆ."

"ಯಾರ ಹೆಸ್ರು ಅಜ್ಜಿ?"

"ಇನ್ಯಾರ್ದು? ಬಿಯಾಕಾ ಅಂತ, ನಿನ್ ಗಂಡಂದು."

ತಿದ್ದಬೇಕು, ಅತ್ತೆ. ನಾಳೆ ತಿದ್ದೋಣ ಎಂದು ದಿನಾ ಅಂದುಕೊಳ್ಳುತ್ತೇನೆ. ಆದರೆ ಸಂಜೆ ಒಲೆ ಹಚ್ಚುವ ಹೊತ್ತಿಗೆ ಮನೆಮನೆಯಿಂದಲೂ ಅವರ ಹೆಸರು ಕೇಳಿಸುತ್ತದೆ.

ನಿಮ್ಮ ಸೊಸೆ,
ಜೋಥಾನ್‌ಪುಯಿ