ಅರ್ಧ ಸೆಂಟಿಮೀಟರ್

ಆಸ್ಪತ್ರೆಯ ಅಡುಗೆಮನೆ, ಪಾತ್ರೆ ಕೋಣೆಯ ಬೆಂಚು
ಬುಧವಾರ, ಮಾರ್ಚ್ ೧೧, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದರೆ ನೀನು ಕೇಳುವವಳಲ್ಲ, ಆದರೂ ಹೇಳುವುದು ನನ್ನ ಕರ್ಮ. ಅಮ್ಮ ಚೆನ್ನಾಗಿದ್ದಾಳೆಯೇ? ಕಣ್ಣು ಹೋಗಿ ಆರು ವರ್ಷವಾದರೂ ನಿನ್ನ ಅಡುಗೆಗೆ ಉಪ್ಪು ಸಾಲದು ಎನ್ನುವುದನ್ನು ಬಿಟ್ಟಿಲ್ಲ ತಾನೇ? ಗೊಣಗುತ್ತಿದ್ದಾಳೆ ಎಂದರೆ ಆರೋಗ್ಯವಾಗಿದ್ದಾಳೆ ಎಂದೇ ಅರ್ಥ. ಮನೆಯಲ್ಲಿ ಫೋನು ಹಿಡಿದರೆ ನನ್ನ ಹೆಂಡತಿಯ ಕಿವಿ ಇತ್ತಲೇ ಇರುತ್ತದೆ, ಅದಕ್ಕೇ ಈ ಕಾಗದ.

ಐದು ವಾರದ ಹಿಂದೆ ನನ್ನನ್ನು ದೊಡ್ಡ ಒಲೆಯಿಂದ ಮೆತ್ತನೆ ಊಟದ ಹಲಗೆಗೆ ಹಾಕಿದರು. ನುಂಗಲು ಕಷ್ಟಪಡುವ ರೋಗಿಗಳಿಗಾಗಿ ತರಕಾರಿ ಹೆಚ್ಚುವ ಜಾಗ ಅದು. ತುಂಡು ಅರ್ಧ ಸೆಂಟಿಮೀಟರ್ ಮೀರಕೂಡದು. ಮೀರಿದರೆ ಉಳಿದವೆಲ್ಲ ಬೆಂದರೂ ಅದೊಂದರ ನಡು ಗಟ್ಟಿಯಾಗಿಯೇ ಉಳಿದು ಗಂಟಲಲ್ಲಿ ಕೂರುತ್ತದೆ. ಇಪ್ಪತ್ತು ವರ್ಷ ಮೂಟೆಗಟ್ಟಲೆ ಈರುಳ್ಳಿ ಹೆಚ್ಚಿದವನಿಗೆ ಇದೇನು ಮಹಾ ಎಂದುಕೊಂಡಿದ್ದೆ. ಮೊದಲ ದಿನವೇ ಮೇಲ್ವಿಚಾರಕಿ ಏಪ್ರನ್ ಜೇಬಿನಿಂದ ಉಕ್ಕಿನ ಸ್ಕೇಲು ತೆಗೆದು ನನ್ನ ಹತ್ತು ತುಂಡುಗಳನ್ನು ಅಳೆದರು. ಏಳು ಫೇಲು! ಬೆನ್ನ ಹಿಂದೆ ನಾವೆಲ್ಲ ಅವರನ್ನು ಸ್ಕೇಲಮ್ಮ ಎನ್ನುತ್ತೇವೆ, ಎದುರಿಗೆ ಮಾತ್ರ ತುಟಿ ಪಿಟಕ್ಕೆನ್ನುವುದಿಲ್ಲ.

ಆದರೆ ಪುಣ್ಯಾತ್ಗಿತ್ತಿ ಬೈದಷ್ಟೇ ಪ್ರೀತಿಯಿಂದ ಕಲಿಸಿದರು. ಕ್ಯಾರೆಟ್ಟಿನ ಒಂದು ಬದಿ ಸವರಿ, ಆ ಚಪ್ಪಟೆ ಮುಖವನ್ನು ಹಲಗೆಗೆ ಕೂರಿಸಿದರೆ ಅದು ಉರುಳುವುದಿಲ್ಲ. ಆಮೇಲೆ ಉದ್ದಕ್ಕೆ ಸೀಳಿದ ಹಾಳೆ, ಹಾಳೆಯಿಂದ ಕಡ್ಡಿ, ಕಡ್ಡಿಯಿಂದ ಚೌಕ. ಎಡಗೈ ಬೆರಳುಗಳ ತುದಿ ಒಳಕ್ಕೆ ಮಡಚಿರಬೇಕು, ಗೆಣ್ಣು ಚಾಕುವಿಗೆ ತಾಗಿಕೊಂಡೇ ಹಿಂದಕ್ಕೆ ಸರಿಯಬೇಕು. "ಅವಸರ ಮಾಡ್ಬೇಡಪ್ಪಾ, ಮೊದ್ಲು ಸಮ, ಆಮೇಲೆ ಜೋರು" ಎನ್ನುತ್ತಿದ್ದರು. ಮೂರನೇ ವಾರ ಹತ್ತಕ್ಕೆ ಹತ್ತೂ ಪಾಸಾದವು. ಆ ಹುರುಪಿನಲ್ಲಿ ಮನೆಯ ಈರುಳ್ಳಿಯನ್ನೂ ಹಾಗೇ ಹೆಚ್ಚಿದೆ. "ಇದೇನ್ರೀ, ಇರುವೆಗಳಿಗೆ ಊಟಾನಾ?" ಎಂದು ಇವಳು ನಕ್ಕಳು. ಬಹಳ ದಿನಗಳ ಮೇಲೆ ನಾನೂ ನಕ್ಕೆ.

ಹೋದ ವಾರದಿಂದ ಎಲ್ಲ ಕೆಟ್ಟಿತು. ನನ್ನ ಕಣ್ಣಿಗೆ ನೆಟ್ಟಗೆ ಕಂಡ ಹಾಳೆ, ಸ್ಕೇಲಿಟ್ಟು ನೋಡಿದರೆ ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು. ಚಾಕು ಮೊಂಡಾಗಿದೆ ಎಂದು ಸಾಣೆ ಹಿಡಿಸಿದೆ. ಹಲಗೆ ಅಲುಗುತ್ತಿದೆ ಎಂದು ಕೆಳಗೆ ಒದ್ದೆ ಬಟ್ಟೆ ಹಾಸಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನನ್ನದೂ ಅದೇ ಕಥೆಯಾಯಿತು.

ಶನಿವಾರ ಮಧ್ಯಾಹ್ನ ಮೇಲಿನ ವಾರ್ಡಿನಲ್ಲಿ ಕಿಟಕಿ ಪಕ್ಕದ ಅಜ್ಜನಿಗೆ ಊಟದ ನಡುವೆ ಉಸಿರು ಕಟ್ಟಿತು. ನರ್ಸಮ್ಮ ಬೆನ್ನಿಗೆ ಗುದ್ದಿ ಗುದ್ದಿ ತುಂಡನ್ನು ಹೊರಗೆ ಹಾಕಿಸಿದರಂತೆ. ಅಜ್ಜ ಉಳಿದರು. ಸ್ಕೇಲಮ್ಮ ಆ ತುಂಡನ್ನು ಚಮಚದಲ್ಲಿಟ್ಟುಕೊಂಡು ಕೆಳಗೆ ಬಂದರು. ಆ ಹಲಗೆಯಲ್ಲಿ ಹೆಚ್ಚುವವರು ನಾವು ಮೂವರು. "ಯಾರದಿದು?" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನಾನು ಚಾಕುವನ್ನು ಬಟ್ಟೆಯಡಿ ಸರಿಸಿದೆ. ಮೂವರೂ ಮತ್ತೆ ಹೆಚ್ಚಲು ಬಗ್ಗಿದೆವು.

ಅಂದಿನಿಂದ ನನಗೆ ಭಯ, ಅಕ್ಕಾ. ಚಿಕ್ಕಂದಿನಲ್ಲಿ ಹಲ್ಲಿ ಕಂಡರೆ ಓಡಿ ನಿನ್ನಿಂದ ಪುಕ್ಕಲ ಎನಿಸಿಕೊಳ್ಳುತ್ತಿದ್ದ ಆ ಭಯ ಇದಲ್ಲ. ಮೇಲೆ ಯಾರಾದರೂ ಕೆಮ್ಮಿದರೆ ಚಾಕು ಕೆಳಗಿಟ್ಟು ಕಿವಿಗೊಡುತ್ತೇನೆ. ಒಂದೊಂದು ತುಂಡನ್ನೂ ಬೆರಳಿನಿಂದ ತಡವಿ ನೋಡಿಯೇ ಬಟ್ಟಲಿಗೆ ಹಾಕುತ್ತೇನೆ. ಹಾಗೆ ಮಾಡಿದರೆ ನಲವತ್ತು ಊಟಕ್ಕೆ ಹೊತ್ತು ಸಾಲುವುದಿಲ್ಲ. ನಾಳೆಯಿಂದ ಮೂವರ ಬಟ್ಟಲನ್ನೂ ಬೇರೆ ಬೇರೆ ಇಟ್ಟು ಅಳೆಯುತ್ತಾರಂತೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ಮಕ್ಕಳಿಗೆ ಆಶೀರ್ವಾದ. ಅಮ್ಮನ ಕೈಯನ್ನು ನನ್ನ ಪರವಾಗಿ ಒಮ್ಮೆ ಹಿಡಿದುಕೋ.

ನಿನ್ನ ತಮ್ಮ,
ಪುಕ್ಕಲ

ತಾ. ಕ.: ಸಂಜೆಯ ಊಟಕ್ಕೆ ಗಂಟೆ ಹೊಡೆಯುವುದರೊಳಗೆ ಬರೆದು ಮುಗಿಸುತ್ತೇನೆ. ಎಡಗಣ್ಣು ಮುಚ್ಚಿ ನೋಡಿದರೆ ಸ್ಕೇಲಿನ ಅಂಚು ನಡುವಿನಲ್ಲಿ ಬಾಗುತ್ತದೆ, ಅಕ್ಕಾ. ಬಲಗಣ್ಣು ಮುಚ್ಚಿದರೆ ನೆಟ್ಟಗಿದೆ. ಕಣ್ಣು ಹೋಗುವ ಮೊದಲು ಅಮ್ಮ ಬಾಗಿಲ ಚೌಕಟ್ಟು ಡೊಂಕಾಗಿದೆ ಎಂದಾಗ ನಾವು ಬಡಗಿಯನ್ನು ಕರೆಸಿದ್ದೆವು, ನೆನಪಿದೆಯೇ? ಅವನು ದಾರ ಹಿಡಿದು ನೋಡಿ ಸರಿಯಾಗೇ ಇದೆ ಎಂದಾಗ ನಕ್ಕಿದ್ದೆವು. ಅವಳಿಗೂ ಮೊದಲು ಚೌಕಟ್ಟಿನ ನಡುವೇ ಬಾಗಿ ಕಂಡಿತ್ತೇ, ಹೇಗಾದರೂ ಮಾತಿಗೆಳೆದು ಕೇಳು. ಚಮಚದಲ್ಲಿದ್ದ ತುಂಡು ನನ್ನದೇ. ಈಗಲೇ ಹೋಗಿ ಸ್ಕೇಲಮ್ಮನಿಗೆ ಹೇಳಿ ಚಾಕು ಒಪ್ಪಿಸುತ್ತೇನೆ, ಕೆಲಸ ಉಳಿಯುತ್ತದೋ ಇಲ್ಲವೋ ತಿಳಿಯದು. ಅಮ್ಮನಿಗೆ ಇದನ್ನು ಓದಿ ಹೇಳಬೇಡ, ತನ್ನಿಂದಲೇ ಬಂತೆಂದು ಕೊರಗುತ್ತಾಳೆ. ನೀನೂ ಒಂದೊಂದೇ ಕಣ್ಣು ಮುಚ್ಚಿ ಆ ಚೌಕಟ್ಟನ್ನು ನೋಡು, ಅಕ್ಕಾ. ಇವತ್ತೇ ನೋಡು.