ಹಾರ್ಮೋನಿಯಂನಲ್ಲಿ ನುಡಿಸಿದ್ದು

ಭೋಜಾ,

ಇವತ್ತು ಮಡಂತ್ಯಾರಿನ ಶಾಲೆಯಲ್ಲಿ ನನಗೆ ಸನ್ಮಾನವಂತೆ, ಥೂ! ಚೀನಾ ಯುದ್ಧದಿಂದ ಬದುಕಿ ಬಂದದ್ದಕ್ಕೆ ಹಾರ. "ವಯರ್‌ಲೆಸ್ಸಿನಲ್ಲಿ ಹೇಗೆ ಮಾತಾಡುವುದು, ಸ್ವಲ್ಪ ತೋರಿಸಿ ಮಾರಾಯ್ರೆ," ಎಂದು ಅಧ್ಯಕ್ಷರು ಭಜನೆಯ ಹಾರ್ಮೋನಿಯಂ ತರಿಸಿ ಮುಂದಿಟ್ಟರು. ಈ ಹೇಸಿಗೆ ಬೆರಳಿಗೆ ಬೇರೇನೂ ತೋಚಲಿಲ್ಲ. ಒಂದು ಗಿಡ್ಡ ಸ್ವರ, ಒಂದು ಉದ್ದ, ಮೂರು ಗಿಡ್ಡ: ಮೋರ್ಸ್ ಸಂಕೇತದಲ್ಲಿ 'ಕಾದಿರು'. ಹಿಂದೆ ಸರಿಯಲೇ ಎಂದು ಗಡಿಠಾಣೆಯಿಂದ ನೀನು ಕೇಳಿದಾಗಲೆಲ್ಲ, ಅಪ್ಪಣೆ ಕೊಡಬೇಕಾದ ಸಾಹೇಬರ ಊಟ ಮುಗಿದಿರಲಿಲ್ಲವೆಂದು ನಾನು ಕಳಿಸಿದ್ದು ಅದನ್ನೇ. ನೀನು ಕಾದೆ, ಅಲ್ಲೇ ಉಳಿದುಹೋದೆ.

ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ನಿನ್ನ ಅಮ್ಮನೂ ತಟ್ಟಿದರು. ಆಮೇಲೆ ಹತ್ತಿರ ಬಂದು, "ಅದು ಎಂತ ಹೇಳಿದ್ದು ಮಗಾ?" ಎಂದು ಕೇಳಿದರು.

"ನಮಸ್ಕಾರ ಅಂತ, ಅಮ್ಮ," ಎಂದೆ.

ಅವರು ನನ್ನ ಆ ಬೆರಳನ್ನೇ ಹಿಡಿದು ಕಣ್ಣಿಗೊತ್ತಿಕೊಂಡರು.