ಹಿಂದಿನ ಕೋಣೆಗೆ ಸಿಗ್ನಲ್ ತಂದವಳು

ಕಂಡಕ್ಟರಮ್ಮನವರಿಗೆ,

ಈ ಹೆಸರಿನಿಂದ ನಿಮ್ಮನ್ನು ನಾನು ಕರೆಯುತ್ತಿರುವುದು ಇದೇ ಮೊದಲು. ಇದು ನನ್ನ ಗಂಡ ನಿಮಗೆ ಇಟ್ಟ ಹೆಸರು. ನಾನು ಎದುರಿಗೆ 'ಟೈಲರಮ್ಮ' ಎನ್ನುತ್ತಿದ್ದೆ. ಮನಸ್ಸಿನಲ್ಲಿ ಏನೆನ್ನುತ್ತಿದ್ದೆ ಎಂಬುದನ್ನು ಬರೆಯಲು ಕೈ ಬರುವುದಿಲ್ಲ. ನೀವು ಪಕ್ಕದ ಮನೆಗೆ ಬಾಡಿಗೆಗೆ ಬಂದು ಒಂದು ವಾರವಾಗಿರಲಿಲ್ಲ, ನಿಮಗೊಂದು ಹೆಸರು ಸಿಕ್ಕಿಬಿಟ್ಟಿತು. ನನ್ನನ್ನು ಅವರು ಮೂವತ್ತೊಂದು ವರ್ಷ 'ಇವಳೇ' ಎಂದಷ್ಟೇ ಕರೆದರು.

ನಾಳೆ ಬೆಳಿಗ್ಗೆ ನೀವು ಮನೆ ಖಾಲಿ ಮಾಡುತ್ತೀರಿ ಎಂದು ತಿಳಿಯಿತು. ಹೊಲಿಗೆ ಯಂತ್ರವನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಬಾಗಿಲ ಬಳಿ ಇಟ್ಟಿದ್ದೀರಿ, ನೋಡಿದೆ. ಅದಕ್ಕೇ ಇವತ್ತೇ ಬರೆದು ಮುಗಿಸಬೇಕು. ನಮ್ಮವರನ್ನು ಕೊನೆಯ ಸಲ ಮನೆಯಿಂದ ಹೊರಗೆ ತಂದ ದಿನ ನೀವು ಗೇಟಿನ ಹತ್ತಿರವೇ ನಿಂತು ನನ್ನನ್ನೊಂದು ಮಾತು ಕೇಳಿದಿರಿ: "ನನ್ನಿಂದ ಅವ್ರಿಗೆ ಏನಾದ್ರೂ ಬೇಜಾರಾಗಿತ್ತಾ?" ನಾನು "ಇಲ್ಲ" ಎಂದು ಒಳಗೆ ಹೋದೆ. ಅದು ಪೂರ್ತಿ ಉತ್ತರವಾಗಿರಲಿಲ್ಲ.

ಅವರ ಹೃದಯ ಕೈಕೊಟ್ಟು ಬಸ್ಸಿನ ಸ್ಟೀರಿಂಗ್ ಬಿಡಿಸಿದ ಮೇಲೆ ಅವರು ಮಾತನ್ನೇ ಬಿಟ್ಟಿದ್ದರು. ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಬಿಸಿ ಹಾಸಿಗೆ ಬಟ್ಟೆ ಮಡಚಿ ಆರು ಗಂಟೆಗೆ ಮನೆಗೆ ಬಂದರೆ, ಹಿಂದಿನ ಕೋಣೆಯಲ್ಲಿ ಗೋಡೆ ನೋಡುತ್ತಾ ಕೂತಿರುತ್ತಿದ್ದರು. ಆಮೇಲೆ ನೀವು ಬಂದಿರಿ. ನಮ್ಮಿಬ್ಬರ ಮನೆಗೂ ಸೇರಿ ಇರುವ ಆ ಮುಂದಿನ ಮೆಟ್ಟಿಲ ಮೇಲೆ ನಿಮ್ಮ ದೊಡ್ಡ ಪರದೆಯ ಟ್ಯಾಬ್ ಹಿಡಿದು ಕೂತಿರಿ. ನಿಮ್ಮ ಮನೆಗೆ ಕನೆಕ್ಷನ್ ಇರಲಿಲ್ಲ. ಅವರೇ ನಮ್ಮ ವೈಫೈ ಪಾಸ್‌ವರ್ಡ್ ಹೇಳಿದರು. ಮ್ಯಾಪಿನೊಳಗೆ ಬೀದಿಗಳ ಫೋಟೊ ಇರುತ್ತದೆ, ಬೆರಳಿನಿಂದ ತಳ್ಳುತ್ತಾ ಹೋದರೆ ಆ ಬೀದಿಯಲ್ಲೇ ನಡೆದ ಹಾಗಾಗುತ್ತದೆ ಎಂದು ಅವರಿಗೆ ತೋರಿಸಿಕೊಟ್ಟವರು ನೀವು. ಅವತ್ತಿನಿಂದ ದಿನಾ ಮಧ್ಯಾಹ್ನ ಮೆಟ್ಟಿಲ ಮೇಲೆ ಬಸ್ಸು ಹೊರಡುತ್ತಿತ್ತು. ಪ್ರಪಂಚದ ಯಾವ ಊರೂ ಉಳಿಯಲಿಲ್ಲವಂತೆ.

ಒಂದು ದಿನ ಲಾಂಡ್ರಿಯಲ್ಲಿ ನನ್ನನ್ನು ಬೇಗ ಬಿಟ್ಟಿದ್ದರು. ಬೀದಿಯ ತಿರುವಿನಲ್ಲೇ ಅವರ ಧ್ವನಿ ಕೇಳಿಸಿತು. "ಎಡಕ್ಕೆ, ಎಡಕ್ಕೆ! ಅಯ್ಯೋ, ಅದು ಒನ್ ವೇ ಕಣ್ರೀ. ನನ್ನ ಲೈಸೆನ್ಸ್ ಕೀಳಿಸ್ತೀರಾ?" ಅದಕ್ಕೆ ನೀವು, "ಡ್ರೈವರ್ ಸಾಹೇಬ್ರೇ, ಸುಮ್ನೆ ಮುಂದೆ ನೋಡಿ ಓಡ್ಸಿ. ಟಿಕೆಟ್ ತಗೊಳ್ದೆ ಹತ್ತಿರೋರು ಇದಾರೆ, ಅವರನ್ನ ನಾನು ನೋಡ್ಕೋತೀನಿ." ಒಂದೇ ಪರದೆಯ ಮೇಲೆ ಬಾಗಿದ ಎರಡು ತಲೆ. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನ್ನನ್ನು ನೋಡಿದ ಕೂಡಲೇ "ಬಂದ್ಯಾ" ಎಂದು ಎದ್ದರು. ಒಳಗೆ ಬಂದು "ಸುಸ್ತಾಗ್ತಿದೆ, ಮಲಗ್ತೀನಿ" ಎಂದರು.

ಕಂಡಕ್ಟರಮ್ಮ, ನಿಮ್ಮಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದು ನನಗೆ ಅವತ್ತೂ ಗೊತ್ತಿತ್ತು. ಕೆಟ್ಟದ್ದಿದ್ದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಅವರ ನಗುವೆಲ್ಲ ಆರು ಗಂಟೆಯೊಳಗೆ ಖರ್ಚಾಗಿ, ನನ್ನ ಪಾಲಿಗೆ ಸುಸ್ತು ಮಾತ್ರ ಉಳಿಯುತ್ತಿತ್ತು. ಅವರ ಮಾತ್ರೆ, ಅವರ ಬಟ್ಟೆ, ಅವರ ಊದಿದ ಕಾಲು ನನ್ನದು. ಅವರ ಊರೂರು ಸುತ್ತಾಟ ನಿಮ್ಮದು. ಹೊಟ್ಟೆಕಿಚ್ಚು ಎಂಬ ಮಾತನ್ನು ಎಲ್ಲರೂ ಆಡುತ್ತಾರೆ. ಹೊಟ್ಟೆಯಲ್ಲಿ ನಿಜವಾಗಿ ಕಿಚ್ಚು ಹತ್ತಿದ ಹಾಗಾಗುತ್ತದೆ ಎಂದು ನನಗೆ ಗೊತ್ತಾದದ್ದು ಆ ಮೆಟ್ಟಿಲಿಂದ.

ಅವರು ದಿನಾ ಮೆಟ್ಟಿಲಿಗೆ ಬರುವುದು ಶುರುವಾದದ್ದೇ ಹಿಂದಿನ ಕೋಣೆಯಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂದು. ಹಾಗಾದರೆ ಸಿಗ್ನಲ್ಲನ್ನೇ ಹಿಂದಿನ ಕೋಣೆಗೆ ತಂದರೆ? ಈ ಯೋಚನೆ ನನಗೆ ಹಾಸಿಗೆ ಬಟ್ಟೆ ಮಡಚುತ್ತಿರುವಾಗ ಬಂತು. ಬಂದ ಕೂಡಲೇ ಎಷ್ಟು ಸಂತೋಷವಾಯಿತೆಂದರೆ, ಪಕ್ಕದಲ್ಲಿದ್ದವಳು "ಏನ್ ಅಕ್ಕ, ಲಾಟ್ರಿ ಹೊಡೀತಾ?" ಎಂದಳು.

ಅಂಗಡಿಗೆ ಹೋದೆ. ಅಂಗಡಿಯವನು ಮೊದಲು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಚಿಕ್ಕ ರಿಪೀಟರ್ ತೋರಿಸಿದ. ಮುಂದಿನ ಕೋಣೆಯಿಂದ ಹಿಂದಿನದಕ್ಕೆ ನನ್ನ ಹೆಜ್ಜೆಯಲ್ಲಿ ಹದಿನಾಲ್ಕು, ನಡುವೆ ಎರಡು ದಪ್ಪ ಗೋಡೆ, ಒಂದು ಕಬ್ಬಿಣದ ಬೀರು ಎಂದೆ. ಅವನು ರಿಪೀಟರನ್ನು ತಿರುಗಿ ಡಬ್ಬಿಗೆ ಹಾಕಿದ. "ಇದು ಗುಸುಗುಸು ಕೇಳಿ ಗುಸುಗುಸು ಹೇಳೋದು ಅಮ್ಮ. ನಿಮ್ಮ ಹಿಂದಿನ ಕೋಣೆಗೆ ಕೇಳ್ಸೋದೇ ಅರೆಬರೆ, ಅದನ್ನೇ ಇದು ಇನ್ನೊಂದ್ಸಲ ಹೇಳುತ್ತೆ. ನಿಮಗೆ ಬೇಕಾಗಿರೋದು ಆಕ್ಸೆಸ್ ಪಾಯಿಂಟ್. ಮುಂದಿನ ಕೋಣೆಯ ವೈಫೈ ಪೆಟ್ಟಿಗೆಯಿಂದ ತಂತಿ ಎಳೆದು ಹಿಂದೆ ಕೂರಿಸಿದ್ರೆ, ಆ ಕೋಣೆಗೇ ಒಂದು ಹೊಸ ಬಾಯಿ ಇಟ್ಟ ಹಾಗೆ." ಹೊಸ ಬಾಯಿಯೇ ಇರಲಿ ಎಂದೆ. ಎರಡು ಬಗೆ ತೋರಿಸಿದ. ನಾನು ಕೇಳಿದ್ದು ಒಂದೇ ಪ್ರಶ್ನೆ: ಫೋಟೊ ನಿಲ್ಲದೆ ಓಡುತ್ತದೆಯೇ? "ನೀರು ಹರಿದ ಹಾಗೆ" ಎಂದ.

ನನ್ನ ರಜೆಯ ದಿನ, ನೀವು ಹೊಲಿದ ಬಟ್ಟೆ ಕೊಡಲು ಹೋಗಿದ್ದಾಗ, ತಂತಿ ಎಳೆಯುವವನು ಬಂದ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಬಾಯಿಬಡುಕ. ಫೋನು ಹಿಡಿದು ಕೋಣೆ ಕೋಣೆ ಸುತ್ತಿ ಎಲ್ಲಿ ಎಷ್ಟು ಸಿಗುತ್ತದೆ ಎಂದು ನೋಡಿದ. ಬೀರಿನ ಬೆನ್ನಿಗೆ ಬಂದಾಗ "ಇವನೇ ಕಳ್ಳ, ಎಲ್ಲಾ ನುಂಗ್ತಿದ್ದಾನೆ" ಎಂದು ಅದನ್ನು ತಟ್ಟಿದ. ಬಾಗಿಲ ಚೌಕಟ್ಟಿನ ಮೇಲ್ಗಡೆ ತಂತಿ ಎಳೆದು, ಸರಿಯಾಗಿ ಅವರ ಹಾಸಿಗೆಯ ಮೇಲಿನ ಚಾವಣಿಗೆ ಬಿಳಿ ತಟ್ಟೆ ಮಗುಚಿ ಹಾಕಿದಂಥ ಆ ಯಂತ್ರವನ್ನು ಕೂರಿಸಿದ. ಅವರು ಮಲಗಿದಲ್ಲಿಂದಲೇ ನೋಡುತ್ತಿದ್ದರು. "ನನಗೋಸ್ಕರ ಇಷ್ಟೆಲ್ಲಾ ಮಾಡ್ಸಿದ್ಯಾ ಇವಳೇ?" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ನಾನು ಏಣಿ ಹಿಡಿದುಕೊಳ್ಳುವ ನೆವದಲ್ಲಿ ಮುಖ ತಿರುಗಿಸಿದೆ.

ಆಮೇಲೆ ಅವನು ನನ್ನನ್ನು ಮುಂದಿನ ಕೋಣೆಗೆ ಕರೆದು ಕೇಳಿದ. "ಹೊಸದಕ್ಕೂ ವೈಫೈದು ಹಳೇ ಹೆಸರು, ಹಳೇ ಪಾಸ್‌ವರ್ಡೇ ಇಡ್ತೀನಿ ಅಮ್ಮ. ಆಗ ಫೋನು ತಾನೇ ಹತ್ತಿರ ಇರೋದಕ್ಕೆ ಅಂಟ್ಕೊಳ್ಳುತ್ತೆ. ಯಾರಿಗೂ ತಲೆನೋವಿಲ್ಲ." ನಾನು ಬೇಡ ಎಂದೆ. ಪಾಸ್‌ವರ್ಡ್ ಎರಡಕ್ಕೂ ಬದಲಾಯಿಸಿ, ಮುಂದಿನದರ ಜೋರು ಕಮ್ಮಿ ಮಾಡಿ, ಮೆಟ್ಟಿಲ ತನಕ ಹೋಗುವುದು ಬೇಡ ಎಂದೆ. ಅವನು ಕಿವಿಯಿಂದ ಪೆನ್ಸಿಲ್ ತೆಗೆದು ನನ್ನ ಮುಖ ನೋಡಿದ. "ಇಪ್ಪತ್ತು ವರ್ಷದಲ್ಲಿ ಎಲ್ಲರೂ ಜಾಸ್ತಿ ಮಾಡು ಅಂದವ್ರೇ. ಕಮ್ಮಿ ಮಾಡು ಅಂದವ್ರು ನೀವೊಬ್ರೇ." ಬೀದಿಯವರೆಲ್ಲ ಕದಿಯುತ್ತಾರೆ ಎಂದೆ. ಅವರ ಫೋನಿಗೂ ಹೊಸ ಪಾಸ್‌ವರ್ಡ್ ಅವನೇ ಹಾಕಿದ. ಬದಲಾದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಿಮ್ಮನ್ನು ತೆಗೆದೆ. ಅವತ್ತಿನ ದಿನಚರಿ ಪುಸ್ತಕದಲ್ಲಿ ನಾನು ಬರೆದದ್ದು ಇಷ್ಟೇ: 'ಯಂತ್ರ ಕೂರಿಸಿದ್ದಾಯಿತು. ಚೆನ್ನಾಗಿ ಬರುತ್ತಿದೆ.'

ಮರುದಿನವೂ ರಜೆ ಹಾಕಿ, ಅವರು ಒಳಗೆ ಮಲಗಿದ್ದಾಗ, ಕಿಟಕಿಯ ಪರದೆಯ ಹಿಂದೆ ನಿಂತು ನಿಮ್ಮನ್ನು ನೋಡಿದೆ. ಮೆಟ್ಟಿಲ ಮೇಲೆ ಕೂತು ಹಳೆಯ ಪಾಸ್‌ವರ್ಡ್ ಒತ್ತಿದಿರಿ. ಇನ್ನೊಮ್ಮೆ ಒತ್ತಿದಿರಿ. ಆಮೇಲೆ ಟ್ಯಾಬ್ ಮಡಿಲಲ್ಲಿಟ್ಟುಕೊಂಡು ನಮ್ಮ ಬಾಗಿಲನ್ನು ನೋಡಿದಿರಿ. ನೀವು ಕೇಳಿ ಪಡೆಯುವ ಜಾತಿಯಲ್ಲ ಎಂದು ನನಗೆ ಗೊತ್ತಿತ್ತು. ನಾನು ಲೆಕ್ಕ ಹಾಕಿದ್ದೇ ಅದನ್ನು. ಎದ್ದು ಹೋದಿರಿ. ಮತ್ತೆ ಬರಲಿಲ್ಲ.

ಅವರು ನಿಮ್ಮ ದಾರಿ ಕಾದರು. ಒಮ್ಮೆ ಗೋಡೆ ಹಿಡಿದುಕೊಂಡು ಮೆಟ್ಟಿಲಿಗೂ ಹೋದರು. ಅಲ್ಲಿ ಫೋಟೊ ಅರ್ಧ ಮೂಡಿ ನಿಂತುಬಿಟ್ಟಿತು. "ಇಲ್ಲಿ ಬರ್ತಾನೇ ಇಲ್ವಲ್ಲ" ಎಂದರು. "ಒಳಗೆ ಬರುತ್ತಲ್ಲ, ಮಲಗಿಕೊಂಡೇ ನೋಡಿ" ಎಂದೆ. ಕೊನೆಗೆ ಒಂದು ದಿನ ಅವರು ನನ್ನ ಕೈ ಹಿಡಿದು ಹೇಳಿದರು, "ಹೋಗಿ ಕೇಳ್ಕೊಂಡು ಬಾ. ತಮಾಷೇಲಿ ಏನಾದ್ರೂ ಜಾಸ್ತಿ ಮಾತಾಡಿಬಿಟ್ನೇನೋ." ನಾನು ಬಂದೆ, ಕಂಡಕ್ಟರಮ್ಮ. ನಿಮ್ಮ ಬಾಗಿಲ ತನಕ ಬಂದೆ. ಒಳಗೆ ನಿಮ್ಮ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಅದು ಒಮ್ಮೆ ನಿಂತು ಮತ್ತೆ ಶುರುವಾಗುವಷ್ಟು ಹೊತ್ತು ಅಲ್ಲೇ ನಿಂತೆ. ತಟ್ಟಲಿಲ್ಲ. ವಾಪಸು ಹೋಗಿ, "ಹೊಲಿಗೆ ಕೆಲಸ ಜಾಸ್ತಿಯಂತೆ, ಪುರುಸೊತ್ತಿಲ್ಲವಂತೆ" ಎಂದೆ. ಅವರು "ಹೌದಾ, ಒಳ್ಳೇದಾಯ್ತು ಬಿಡು" ಎಂದರು.

ಜಾಗ ಖಾಲಿಯಾಯಿತಲ್ಲ, ನಾನು ಕೂರೋಣ ಎಂದು ಹೊರಟೆ. ಕೆಲಸ ಮುಗಿಸಿ ಬಂದು ಹಾಸಿಗೆಯ ಮೇಲೆ ಅವರ ಪಕ್ಕ ಕೂತು, "ನಡೀರಿ, ನನ್ನನ್ನೂ ಕರ್ಕೊಂಡು ಹೋಗಿ" ಎಂದೆ. ಅವರಿಗೆ ಎಷ್ಟು ಖುಷಿಯಾಯಿತು ಗೊತ್ತೇ? ಸಮುದ್ರದ ಪಕ್ಕದ ಯಾವುದೋ ಊರು. ಅಂಗಡಿ ಸಾಲು, ನೀಲಿ ಬಾಗಿಲುಗಳು. ಫೋಟೊ ಒಂದು ಕ್ಷಣವೂ ನಿಲ್ಲಲಿಲ್ಲ, ಅಂಗಡಿಯವನು ಹೇಳಿದ ಹಾಗೇ. ಎರಡು ಬೀದಿ ದಾಟುವುದರೊಳಗೆ ನಾನು ಅವರ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದೆ. ಎಚ್ಚರವಾದಾಗ ಅವರು ಫೋನು ಮುಚ್ಚಿಟ್ಟು, ನನ್ನ ತಲೆ ಜಾರದಂತೆ ಅಲುಗಾಡದೆ ಕೂತಿದ್ದರು. ಮತ್ತೆ ನಾನು ಕೇಳಲಿಲ್ಲ, ಅವರೂ ಕರೆಯಲಿಲ್ಲ.

ಅದಾಗಿ ಹತ್ತೊಂಬತ್ತನೆಯ ದಿನ, ನಾನು ಕೆಲಸದಲ್ಲಿದ್ದಾಗ, ಅವರು ಹೋದರು. ಆ ಕೋಣೆಯಲ್ಲಿ ಸಿಗ್ನಲ್ ತುಂಬಿ ತುಳುಕುತ್ತಿತ್ತು. ಒಬ್ಬ ಮನುಷ್ಯ ಇರಲಿಲ್ಲ. ಮೆಟ್ಟಿಲ ಮೇಲೆ ಇದ್ದಿದ್ದರೆ ನೀವಾದರೂ ಇರುತ್ತಿದ್ದಿರಿ. ಅವರು ಉಳಿಯುತ್ತಿದ್ದರೋ ಇಲ್ಲವೋ, ಡಾಕ್ಟರೂ ಹೇಳಲಾರರು. ಆದರೆ ಮಾತಿನ ನಡುವೆ ಹೋಗುತ್ತಿದ್ದರು. ನೋಡಲು ಬಂದವರೆಲ್ಲ ಚಾವಣಿ ನೋಡಿ, "ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದಾಳೆ, ಹಾಸಿಗೆಗೇ ಎಲ್ಲಾ ತಂದುಕೊಟ್ಟಿದ್ದಳು" ಎಂದರು. ನಾನು ತಲೆಯಾಡಿಸಿದೆ.

ನೀವು ಕೇಳಿದ್ದಕ್ಕೆ ಪೂರ್ತಿ ಉತ್ತರ ಇದು. ಅವರಿಗೆ ನಿಮ್ಮ ಮೇಲೆ ಬೇಜಾರಿರಲಿಲ್ಲ. ನಿಮ್ಮನ್ನು ಹೊರಗಿಟ್ಟದ್ದು ಅವರಲ್ಲ, ನಾನು. ನಿಮಗೇ ತಮ್ಮ ಮೇಲೆ ಬೇಜಾರು ಎಂದುಕೊಂಡು ಅವರು ಹೋದರು. ಅದನ್ನು ತಿದ್ದಲು, ಯಂತ್ರ ಕೂರಿಸಿದ ದಿನದಿಂದ ಲೆಕ್ಕ ಹಾಕಿದರೆ, ನನಗೆ ಎರಡು ತಿಂಗಳು ಸಮಯವಿತ್ತು.

ಕ್ಷಮಿಸಿ ಎಂದು ಕೇಳಲು ಈ ಕಾಗದ ಬರೆಯುತ್ತಿಲ್ಲ. ಇದನ್ನು ಓದಿದ ಮೇಲೆ ನೀವು ಅತ್ತರೆ, ಅದು ಶುದ್ಧವಾದ ಅಳು. ಒಬ್ಬ ಸ್ನೇಹಿತನಿಗಾಗಿ ಅಳುವ ಅಳು. ನಿಮಗೆ ಅವರು ಪೂರ್ತಿಯಾಗಿ ವಾಪಸು ಸಿಗುತ್ತಾರೆ, ನಗುನಗುತ್ತಾ ಸಿಗುತ್ತಾರೆ. ನನ್ನ ಅಳುವಿನಲ್ಲಿ ಪ್ರತಿ ಸಲ ನಾನೇ ಅಡ್ಡ ಬರುತ್ತೇನೆ. ಬರೆಯುತ್ತಾ ಬರೆಯುತ್ತಾ ಒಂದು ವಿಷಯ ತಿಳಿಯಿತು, ಅದನ್ನೂ ಮುಚ್ಚಿಡುವುದಿಲ್ಲ: ನಿಮ್ಮ ಆ ಅಳುವಿನ ಮೇಲೂ ನನಗೆ ಹೊಟ್ಟೆಕಿಚ್ಚಾಗುತ್ತಿದೆ. ಆದರೂ ಕಾಗದವನ್ನು ಹರಿಯುತ್ತಿಲ್ಲ. ನಿಮ್ಮ ಬಾಗಿಲ ಕೆಳಗೆ ತೂರಿಸಿ ಬರುತ್ತೇನೆ. ಅಲ್ಲ, ಈ ಸಲ ತಟ್ಟುತ್ತೇನೆ. ನೀವು ತೆರೆದರೆ ಕೈಗೇ ಕೊಡುತ್ತೇನೆ.

ಹೊಸ ಮನೆಯಲ್ಲಿ ನಿಮ್ಮ ಸೂಜಿಯ ಮೇಲೆ ಒಳ್ಳೆಯ ಬೆಳಕು ಬೀಳಲಿ. ಅಕ್ಕಪಕ್ಕದಲ್ಲಿ ನನ್ನಂಥವಳು ಇರದಿರಲಿ. ಆರೋಗ್ಯವಾಗಿರಿ.

ಇಂತಿ,
ಇವತ್ತಿನ ಮಟ್ಟಿಗೆ ಇನ್ನೂ ನಿಮ್ಮ ಪಕ್ಕದ ಮನೆಯವಳು